ಎರಡೂವರೆಯ ಪಾಳಿ

ಐವತ್ತಾರನೇ ಇಸವಿ, ಶಿವರಾತ್ರಿ ಕಳೆದು ಚಳಿ ಹೋಗಿತ್ತು, ಮಂಗಳವಾರ ಮಧ್ಯಾಹ್ನ ಎರಡೂವರೆ, ಗಿರಣಿಯ ಸೈರನ್ನು ಕೂಗಿ ಕೂಗಿ ಗಂಟಲು ಕಟ್ಟಿದ ಹಾಗೆ ನಿಂತಿತು, ನಿಂತರೂ ಕೂಗುತ್ತಲೇ ಇದೆ, ಅದು ಕಿವಿಯೋ ಎದೆಯೋ, ಎದೆಯೇ ಇರಬೇಕು, ಮುನಿತಾಯಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮೊಣಕಾಲೂರಿದಳು — ಈಗ ಅಲ್ಲಿ ದೊಡ್ಡಾಸ್ಪತ್ರೆಯಲ್ಲಿ ವಾರಗಿತ್ತಿ ಶಾಂತವ್ವನ ಹೊಟ್ಟೆ ಕೊಯ್ಯುತ್ತಾರೆ, ಇಲ್ಲಿ ರಾಜಾಜಿನಗರದಲ್ಲಿ ತಾನು ಅವಳ ಜೀವ ಕೇಳಬೇಕು, ತಾನು, ಚರ್ಚಿನ ಸಭೆಯಲ್ಲಿ ಇಷ್ಟು ಜನರಿದ್ದೂ ತಾನೇ. ಉಪದೇಶಿ ಸೋಮಲಿಂಗಪ್ಪನವರ ಮುಂಗೋಣೆ, ಸಿಮೆಂಟು ನೆಲ, ಮಡಿಸಿದ ಕಂಬಳಿ, ಅದರಲ್ಲಿ ಹಿಂದಿನ ಪಾಳಿಯವಳ ಮೊಣಕಾಲಿನ ಬಿಸಿ ಇನ್ನೂ ಆರಿಲ್ಲ, ಸರಪಳಿ ಪ್ರಾರ್ಥನೆ ಅಂದರೆ ಹಾಗೇ, ಒಬ್ಬರ ಬಿಸಿ ಆರುವ ಮೊದಲು ಇನ್ನೊಬ್ಬರು ಕೂರಬೇಕು, ಮುಂದಿನವರು ಬಂದು ಭುಜ ಮುಟ್ಟುವ ತನಕ ಏಳುವಂತಿಲ್ಲ, ಕೊಂಡಿ ಕಳಚಬಾರದು, ಯಾರ ಮನೆಯಲ್ಲೂ ಗಡಿಯಾರವಿಲ್ಲ, ಗಿರಣಿಯ ಕೂಗೇ ಗಡಿಯಾರ. ಭಾನುವಾರ ಆರಾಧನೆ ಮುಗಿದ ಮೇಲೆ ಉಪದೇಶಿಗಳು ಪಾಳಿ ಹಂಚಿದರು, ಎರಡೂವರೆಯಿಂದ ನಾಲ್ಕು, ಆಪರೇಷನ್ ನಡೆಯೋ ಹೊತ್ತು, ಮುನಿತಾಯಮ್ಮ, ಅದು ನಿಮಗೆ. ಯಾರೋ ಕೆಮ್ಮಿದರು, ಯಾರೋ ನೆಲ ನೋಡಿದರು, ವಾರಗಿತ್ತಿಯರ ವಿಷಯ ಗೊತ್ತಿಲ್ಲದವರು ಯಾರು, ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಮೊಣಕೈಯಲ್ಲಿ ತಿವಿದು, ನನ್ನ ನಾಲ್ಕು ಗಂಟೆ ತಗೊಳ್ಳೇ, ಅದಲು ಬದಲು ಮಾಡ್ಕೊಳ್ಳೋಣ, ಅಷ್ಟೊತ್ತಿಗೆ ಹೊಲಿಗೆ ಹಾಕಿರ್ತಾರೆ, ನಿನ್ನ ಮೇಲೆ ಏನೂ ಬರಲ್ಲ. ಬೇಡ ಅಂದಳು. ಯಾಕೆ ಬೇಡ ಅಂದೆ, ಹಟವೇ, ಹಟಕ್ಕೆ ಮೊಣಕಾಲೂರುತ್ತಾರೆಯೇ, ತುಟಿ ಒಣಗುತ್ತಿದೆ, ಹೊತ್ತು ಓಡುತ್ತಿದೆ, ಕೇಳು, ಕೇಳೇ ಮುನಿತಾಯಿ.

ಆದರೆ ಕೇಳಿ ಹನ್ನೊಂದು ವರ್ಷವಾಯಿತು. ಯುದ್ಧ ಮುಗಿದ ವರ್ಷ ಕೆಂಗೇರಿಯಲ್ಲಿ, ಒಂದೇ ಒಲೆಯ ಮನೆ, ಆರು ವರ್ಷದ ಮಗಳು ಸುಗುಣಳಿಗೆ ವಿಷಮಜ್ವರ, ಇಪ್ಪತ್ತೊಂದು ದಿನ ತಾನು ಮೊಣಕಾಲ ಮೇಲೇ ಇದ್ದದ್ದು, ಅನ್ನ ಉಂಡದ್ದು ನೆನಪಿಲ್ಲ, ಕೇಳಿದ್ದು ನೆನಪಿದೆ, ಉಳಿಸು ಉಳಿಸು ಉಳಿಸು, ರಾಗಿ ಬೀಸುವವಳ ಉಸಿರಿನ ಹಾಗೆ ಒಂದೇ ಸಮನೆ, ಇಪ್ಪತ್ತೆರಡನೇ ದಿನ ಮಣ್ಣು ಮಾಡಿದರು, ಗುದ್ದಲಿಗೆ ಅಂಟಿದ ಮಣ್ಣು ಇನ್ನೂ ಹಸಿ, ಎಲ್ಲರ ಮುಂದೆ ಶಾಂತವ್ವ ಅಂದಳು, ನಿನ್ನ ಪ್ರಾರ್ಥನೇಲಿ ನಂಬಿಕೆ ಸಾಕಾಗ್ಲಿಲ್ಲ ಕಣೇ, ಅದಿದ್ದಿದ್ರೆ ಮಗು ಉಳೀತಿತ್ತು. ಬೈದು ಅಂದಿದ್ದರೆ ತಿರುಗಿ ಬೈಯಬಹುದಿತ್ತು, ಅಳುತ್ತಾ ಅಂದಳು, ನಂಬಿ ಅಂದಳು, ಅದಕ್ಕೇ ಅದು ಒಳಗೆ ಹೋಗಿ ಕೂತಿತು. ಆಮೇಲೆ ಒಲೆ ಬೇರೆ, ಮನೆ ಬೇರೆ, ಗಂಡ ಮರಿಯಪ್ಪನಿಗೆ ಗಿರಣಿಯಲ್ಲಿ ಕೆಲಸ ಸಿಕ್ಕಿತೆಂದು ಇತ್ತ ಬಂದರೆ ಎರಡೇ ವರ್ಷಕ್ಕೆ ಶಾಂತವ್ವನವರೂ ಬಂದರು, ಅದೇ ಸಭೆ, ಅದೇ ಚಾಪೆ, ಇಬ್ಬರ ನಡುವೆ ಯಾವಾಗಲೂ ಮೂರನೆಯವಳೊಬ್ಬಳು. ಜನಕ್ಕೆ ಗೊತ್ತಿರುವುದು ಇಷ್ಟೇ. ಗಂಡನಿಗೂ ಹೇಳದ ಮಾತೆಂದರೆ ಅಂದಿನಿಂದ ದೇವರನ್ನು ಅವಳು ಏನನ್ನೂ ಕೇಳಿಲ್ಲ, ಹಾಡಿದ್ದಾಳೆ, ಸ್ತೋತ್ರ ಹೇಳಿದ್ದಾಳೆ, ಆಮೆನ್ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದಾಳೆ, ಕೇಳುವ ಜಾಗ ಬಂದಾಗ ಮಾತ್ರ ಬರೀ ತುಟಿ ಆಡಿಸಿದ್ದಾಳೆ, ನಂಬಿಕೆ ಸಾಕಾಗದವಳು ಕೇಳಿ ಇನ್ನೊಬ್ಬರ ಮನೆಯ ಜೀವವನ್ನೂ ಕಳೆದರೆ? ಈಗ ನೋಡು ಎಲ್ಲಿಗೆ ತಂದು ಕೂರಿಸಿದ್ದಾರೆ — ಶಾಂತವ್ವ ಉಳಿದರೆ, ಹಾಗಾದರೆ ಇವತ್ತು ಸಾಕಾದದ್ದು ಮಗಳಿಗೆ ಯಾಕೆ ಸಾಕಾಗಲಿಲ್ಲ, ಶಾಂತವ್ವ ಹೋದರೆ, ನೋಡಿದಿರಾ, ಮುನಿತಾಯಿ ಪಾಳೀಲೇ ಹೋದಳು, ಮನಸ್ಸಿಟ್ಟು ಕೇಳಿರಲ್ಲ. ಕೇಳದೆ ಸುಮ್ಮನೆ ತುಟಿ ಆಡಿಸಿದರೆ ಯಾರಿಗೆ ಗೊತ್ತಾಗುತ್ತದೆ, ಯಾರಿಗೂ ಇಲ್ಲ, ಒಬ್ಬನನ್ನು ಬಿಟ್ಟು.

ಪರಲೋಕದ ತಂದೆಯೇ, ನಿನ್ನ ದಾಸಿಯಾದ ಶಾಂತವ್ವಳನ್ನು, ಡಾಕ್ಟರ ಕೈಗಳನ್ನು, ಔಷಧಗಳನ್ನು — ಇವು ಉಪದೇಶಿಗಳ ಮಾತುಗಳು, ಪಾಳಿ ಬಿಟ್ಟ ಆಳುಗಳ ಹಾಗೆ ಸಾಲಾಗಿ ಬರುತ್ತಿವೆ, ಒಂದಕ್ಕೂ ಮುಖವಿಲ್ಲ, ನಿಲ್ಲಿಸಿದಳು, ಹೊರಗೆ ಯಾರೋ ಕಲ್ಲು ಒಡೆಯುತ್ತಿದ್ದಾರೆ, ಠಣ್, ಠಣ್, ಹೊಸ ಮನೆಗೆ ಇರಬೇಕು, ಬಾಯಿ ತಾನಾಗಿ ತೆರೆಯಿತು, ಬಂದದ್ದು ಬೇರೆಯೇ, ಯಾಕೆ ಕೊಡಲಿಲ್ಲ? ಜೋರಾಗಿ ಬಂತು, ಸೆರಗು ಜಾರಿತು, ಇಪ್ಪತ್ತೊಂದು ದಿನ ಕೇಳಿದೆನಲ್ಲ, ಯಾಕೆ ಕೊಡಲಿಲ್ಲ, ಏನು ಕಡಿಮೆ ಇಟ್ಟಿದ್ದೆ, ಆರು ವರ್ಷದ ಮಗು ನಿನಗೆ ಯಾಕೆ ಬೇಕಾಗಿತ್ತು, ಹೇಳು, ಹನ್ನೊಂದು ವರ್ಷ ನಿನ್ನ ಮನೆ ಬಾಗಿಲಲ್ಲಿ ಮುಖ ತಿರುಗಿಸಿಕೊಂಡು ಕೂತಿದ್ದೆನಲ್ಲ, ಒಂದು ಸಲ ಕರೆದೆಯಾ, ನೆಲ ಗುದ್ದಿದಳು, ಕೈ ನೊಂದಿತು, ಮತ್ತೆ ಗುದ್ದಿದಳು — ಹೀಗೆ ಮಾತಾಡಿದರೆ ಸಿಡಿಲು ಬೀಳಬೇಕಾಗಿತ್ತು, ಬೀಳಲಿಲ್ಲ, ಅವನು ಎದ್ದು ಹೋಗಲಿಲ್ಲ, ಅರೆ, ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ, ಇಲ್ಲದವನ ಮೇಲೆ ಇಷ್ಟು ಸಿಟ್ಟು ಬರುತ್ತದೆಯೇ, ನಗು ಬರುತ್ತಿದೆ, ದೇವರೇ, ಅಳುವಿನ ಒಳಗಿಂದ ನಗು, ತವರಿಗೆ ಬಂದವಳು ಚೀಲವನ್ನೂ ಇಳಿಸದೆ ಜಗಳ ಶುರು ಮಾಡಿದ ಹಾಗೆ, ಮುಗಿದಿಲ್ಲ ಇನ್ನೂ, ಕೇಳು ಎನ್ನುತ್ತಿದ್ದಾಳೆ, ಕೇಳುತ್ತಿದ್ದಾನೆ, ಮತ್ತೆ ಸುಗುಣಳ ಕೊನೆಯ ಬೆಳಗನ್ನು ಹಿಡಿದು ಅವನ ಮುಂದೆ ಇಡಹೊರಟಳು, ನೋಡು ನೋಡು ಎಂದು, ಆಗ ತಾನೇ ನೋಡಿದಳು. ಆ ಬೆಳಿಗ್ಗೆ ತಾನು ಕಣ್ಣು ಮುಚ್ಚಿ ಬೇಡುತ್ತಿದ್ದವಳು ಒಂದೇ ಸಲ ಕಣ್ಣು ಬಿಟ್ಟಿದ್ದಳು, ಹಾಸಿಗೆಯ ಆಚೆ ಬದಿಗೆ ಶಾಂತವ್ವ, ಕೂದಲು ಕೆದರಿ, ಅವಳ ಹೆಬ್ಬೆರಳು, ಬೀಸುವ ಕಲ್ಲಿಗೆ ಸಿಕ್ಕಿ ಉಗುರು ಸೀಳಿದ ಬಲಗೈ ಹೆಬ್ಬೆರಳು, ಗಂಜಿ ತಿಳಿಯಲ್ಲಿ ಅದ್ದಿ ಮಗುವಿನ ಒಡೆದ ತುಟಿಗೆ ಸವರುತ್ತಿತ್ತು, ಮೆಲ್ಲಗೆ, ಮತ್ತೆ ಅದ್ದಿ, ಮತ್ತೆ. ಎಷ್ಟು ದಿನದಿಂದ ಸವರುತ್ತಿದ್ದಳೋ, ಇಪ್ಪತ್ತೊಂದು ದಿನವೂ ಇರಬೇಕು, ತಾನು ಮೊಣಕಾಲ ಮೇಲಿದ್ದಾಗ ಮಗುವಿಗೆ ಕುಡಿಸಿದವರು ಯಾರು ಮತ್ತೆ, ಅವಳೂ ಕೇಳುತ್ತಿದ್ದಳು, ಅವಳಿಗೂ ಸಿಗಲಿಲ್ಲ, ಸಿಗದ್ದಕ್ಕೆ ಒಂದು ಕಾರಣ ಬೇಕಾಗಿತ್ತು, ಅಲ್ಲೇ ಹತ್ತಿರದಲ್ಲಿ ನಾನು ಸಿಕ್ಕಿದೆ. ಅಯ್ಯೋ ಅಕ್ಕ. ಉಳಿಸು, ಅಂದಳು ಮುನಿತಾಯಮ್ಮ, ಈ ಸಲ ಬೈಗುಳವಲ್ಲ, ಉಳಿಸು ಅವಳನ್ನು, ನೀನು ಕೊಟ್ಟರೂ ಕೇಳುತ್ತೇನೆ, ಕೊಡದಿದ್ದರೂ ನಾಳೆ ಬಂದು ಮತ್ತೆ ಕೇಳುತ್ತೇನೆ, ಇನ್ನು ನನ್ನನ್ನು ಸುಮ್ಮನಿರಿಸಲು ನಿನ್ನಿಂದ ಆಗುವುದಿಲ್ಲ, ಉಳಿಸು, ಉಳಿಸು, ಯಾವ ಸೈರನ್ನು ಕೂಗಿತೋ, ಕೂಗಲೇ ಇಲ್ಲವೋ, ಕಾಲು ಮರಗಟ್ಟಿ ಯಾರದೋ ಕಾಲಾಗಿದೆ, ಭುಜ ಯಾರೂ ಮುಟ್ಟುತ್ತಿಲ್ಲ, ಒಳ್ಳೆಯದೇ ಆಯಿತು, ಇನ್ನಷ್ಟು ಕೇಳುತ್ತೇನೆ.

ಕೊನೆಗೆ ಕಣ್ಣು ಬಿಟ್ಟರೆ ಹೊಸಿಲಿನ ಮೇಲೆ ಚಿಕ್ಕಲಕ್ಷ್ಮಮ್ಮ ಕೂತಿದ್ದಾಳೆ, ಬಿಸಿಲು ಕೆಂಪಾಗಿದೆ, ಸೈರನ್ ಕೂಗಿ ಯಾವ ಕಾಲ ಆಯ್ತೇ, ಮುಟ್ಟೋಣ ಅಂತಲೇ ಬಂದೆ, ನೀನು ನೋಡಿದ್ರೆ ಅವನ ಕೊರಳಪಟ್ಟಿ ಹಿಡ್ಕೊಂಡಿದ್ದೆ, ದೊಡ್ಡೋರ ಜಗಳದ ಮಧ್ಯೆ ನಾನ್ಯಾಕೆ ಅಂತ ಇಲ್ಲೇ ಕೂತೆ, ಉಪದೇಶಿಗಳು ಹಿತ್ತಲಲ್ಲಿ ಅಡಗಿ ಕೂತವ್ರೆ, ಮನೆ ಬೀಳುತ್ತೆ ಅಂದ್ಕೊಂಡ್ರೇನೋ. ನಕ್ಕಳು ಮುನಿತಾಯಮ್ಮ, ಏಳಲಾರದೆ ನಕ್ಕಳು, ಅದೇ ಹೊತ್ತಿಗೆ ಗಂಡ ಮರಿಯಪ್ಪನ ಸೈಕಲ್ಲು, ಅವನು ಇಳಿಯುವ ರೀತಿಯಲ್ಲೇ ತಿಳಿಯಿತು, ಬಿಚ್ಚಿ ನೋಡಿ ಹಾಗೇ ಹೊಲಿದ್ಬಿಟ್ರಂತೆ ಕಣೇ, ಗಡ್ಡೆ ಎಲ್ಲಾ ಕಡೆ ಹಬ್ಬಿದೆಯಂತೆ, ಹೆಚ್ಚು ದಿನ ಇಲ್ಲ ಅಂದ್ರು, ಅತ್ತಿಗೆಗೂ ಹೇಳ್ಬಿಟ್ಟವ್ರೆ. ಈಗ ಬೀಳುತ್ತದೆ ಆ ಹಳೆಯ ಕಲ್ಲು ಎಂದು ಕಾದಳು, ನಿನ್ನ ನಂಬಿಕೆ ಸಾಕಾಗಲಿಲ್ಲ ಎನ್ನುವ ಕಲ್ಲು, ಬೀಳಲಿಲ್ಲ, ಕಣ್ಣೀರು ಬಂತು, ತಾನು ಬೇಡಿದ್ದು ಮಾತ್ರ ಅಲ್ಲಾಡದೆ ಇದೆ, ಕೇಳಿಸಿಕೊಂಡವನೂ ಅಲ್ಲೇ ಇದ್ದಾನೆ, ಯಾಕೆ ಎಂದು ನಾಳೆ ಮತ್ತೆ ಜಗಳವಾಡಬೇಕು. ಬೆಳಿಗ್ಗೆ ಮೊದಲ ಬಸ್ಸು, ಬಸ್ಸಿನ ಮುಂದೆ ತಾನೇ ಓಡುತ್ತಿರುವ ಹಾಗೆ ಎದೆ, ಆಸ್ಪತ್ರೆಯ ಉದ್ದನೆಯ ಹಜಾರ, ಫಿನಾಯಿಲ್ ವಾಸನೆ, ಕೆಂಪು ಕಂಬಳಿ, ಇಷ್ಟೇ ಇಷ್ಟಾಗಿರುವ ಶಾಂತವ್ವ. ಬಂದೆಯಾ. ಬಂದೆ ಅಕ್ಕ. ಎರಡೂವರೆ ಪಾಳಿ ನಿಂದಂತೆ, ಕೇಳ್ದೇನೇ, ನಿಜ ಹೇಳು. ಕೇಳ್ದೆ ಅಕ್ಕ, ಗಂಟಲು ಕಿತ್ತೋಗೋ ಹಾಗೆ ಕೇಳ್ದೆ. ಶಾಂತವ್ವ ಮೇಲಿನ ತೊಲೆಯ ಕಡೆ ಕಣ್ಣು ತಿರುಗಿಸಿದಳು, ನಾನೂ ಕೇಳ್ದೆ ಕಣೇ, ಪೂರ್ತಿ ನಂಬಿ ಕೇಳ್ದೆ, ನನ್ನದು ಎಲ್ಲಿ ಸಾಕಾಗ್ಲಿಲ್ಲ ಅಂತ ರಾತ್ರಿಯೆಲ್ಲಾ ಹುಡುಕ್ತಾ ಇದೀನಿ. ಹನ್ನೊಂದು ವರ್ಷ ಕಾದ ಮಾತು ನಾಲಿಗೆಯ ಹತ್ತಿರ ಬಂದೇ ಬಂತು, ಹೇಳಿದರೆ ಒಂದು ಉಸಿರು ಸಾಕು, ಮುನಿತಾಯಮ್ಮ ಕಂಬಳಿಯ ಮೇಲಿನ ಕೈ ನೋಡಿದಳು, ಸಾಕಾಗಿತ್ತು ಅಕ್ಕ, ಹುಡುಕಬೇಡ, ಎಲ್ಲೂ ಕಡಿಮೆ ಆಗಿರಲಿಲ್ಲ. ಹಾಗಾದ್ರೆ ಅವತ್ತು, ಎಂದಳು ಶಾಂತವ್ವ, ಆ ಮಗೂದು, ನಿಂದು — ಮುನಿತಾಯಮ್ಮ ಆ ಕೈ ಹಿಡಿದುಕೊಂಡಳು. ಅವತ್ತೂ ಅಷ್ಟೇ ಅಕ್ಕ, ನಂದೂ ಸಾಕಾಗಿತ್ತು, ನಿಂದೂ ಸಾಕಾಗಿತ್ತು. ಕಣ್ಣು ಮುಚ್ಚಿದಳು ಶಾಂತವ್ವ, ರೆಪ್ಪೆಯ ಕೆಳಗಿಂದ ನೀರು ಕಿವಿಯ ಕಡೆಗೆ ಇಳಿಯಿತು, ಕೆಂಪು ಕಂಬಳಿಯ ಮೇಲೆ ಹೆಬ್ಬೆರಳು, ಉಗುರು ಇನ್ನೂ ಸೀಳಿದ್ದು, ಮುನಿತಾಯಮ್ಮನ ಮಣಿಕಟ್ಟನ್ನು ಸವರುತ್ತಿತ್ತು, ಮೆಲ್ಲಗೆ, ಮತ್ತೆ, ಮತ್ತೆ, ಆ ಹೆಬ್ಬೆರಳು.

ಶಾಂತವ್ವ ಹೋದದ್ದು ಅದೇ ವಾರ, ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ಶನಿವಾರ.