ನದಿಯ ಯಾವ ದಡ

ಪ್ರಿಸಿಲ್ಲಾ ಗ್ರೀವ್ಸ್ ಫೋನಿನ ಪರದೆಯ ಮೇಲೆ ಕಾಣಿಸಿಕೊಂಡ ಕೂಡಲೇ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಟ್ವೈಲಾ, ಈಗ ಎಲ್ಲಿದ್ದೀರಿ?"

ಶಾಲೆಯ ಬಸ್ಸು ಓಡಿಸುವ ಟ್ವೈಲಾ ಬೆಳಗಿನ ಟ್ರಿಪ್ಪು ಮುಗಿಸಿ, ಖಾಲಿ ಬಸ್ಸಿನ ಸ್ಟೇರಿಂಗಿಗೆ ಫೋನ್ ಆನಿಸಿಟ್ಟು, "ಡಿಪೋ ಹಿಂದೆ. ಇಂಡಿಯಾನಾ" ಎನ್ನುತ್ತಿದ್ದಳು. ಆಮೇಲೆ ಮಾತು. ಪ್ರಿಸಿಲ್ಲಾ ಸಮಾಜಕಾರ್ಯ ಓದಿ, ಮನಸ್ಸು ನೊಂದವರಿಗೆ ಚಿಕಿತ್ಸೆ ಕೊಡಲು ಲೈಸೆನ್ಸ್ ಪಡೆದಾಕೆ. ಆ ಲೈಸೆನ್ಸು ಇಂಡಿಯಾನಾ ರಾಜ್ಯದ್ದು. ಹಾಗಾಗಿ ಫೋನಿನ ಆ ತುದಿಯಲ್ಲಿರುವವರೂ ಆ ಹೊತ್ತಿಗೆ ಇಂಡಿಯಾನಾದ ನೆಲದ ಮೇಲೇ ಕೂತಿರಬೇಕು. ಕಣ್ಣೀರಿಗೂ ರಾಜ್ಯದ ಗಡಿ! ಇಂಥ ಕಾನೂನು ಮಾಡಿದ ಪುಣ್ಯಾತ್ಮರ ಮನೆಯಲ್ಲಿ ಯಾರೂ ಅತ್ತಿರಲಿಕ್ಕಿಲ್ಲ.

ಪ್ರಿಸಿಲ್ಲಾಗೆ ಬಿಟ್ಟು ಇನ್ನಾರಿಗೂ ಹೇಳದ ಸಂಗತಿಯೊಂದು ಟ್ವೈಲಾಳ ಬಳಿ ಇತ್ತು. ಅವಳ ಮಲತಂದೆ ಡ್ವೈಟ್, ಮನೆಗೆ ಮಾರಿ ಊರಿಗೆ ಉಪಕಾರಿ ಅಂತಾರಲ್ಲ, ಆ ಜಾತಿಯ ಮನುಷ್ಯ. ಚಳಿಗಾಲದಲ್ಲಿ ನೆರೆಯವರ ಅಂಗಳದ ಹಿಮವನ್ನೆಲ್ಲ ಎತ್ತಿಹಾಕಿ ಬರುತ್ತಿದ್ದ. ಮನೆಗೆ ಬಂದು, ತಟ್ಟೆಯಲ್ಲಿ ಊಟ ಬಿಟ್ಟಳೆಂದು ಟ್ವೈಲಾಳನ್ನು ನೆಲಮಾಳಿಗೆಗೆ ತಳ್ಳಿ ಬೀಗ ಹಾಕುತ್ತಿದ್ದ. ಅವಳು ಒಳಗಿನಿಂದ ಬಾಗಿಲು ಬಡಿದಾಗೆಲ್ಲ ಅಮ್ಮ ರೇಡಿಯೋ ಜೋರು ಮಾಡುತ್ತಿದ್ದಳು. ಶಾಲೆಯಲ್ಲಿ ಕೇಳಿದರೆ "ಏನೂ ಇಲ್ಲ", ಚರ್ಚಿನಲ್ಲಿ ಕೇಳಿದರೆ "ಏನೂ ಇಲ್ಲ". ಹೀಗೆ ಏನೂ ಇಲ್ಲ ಏನೂ ಇಲ್ಲ ಅನ್ನುತ್ತಲೇ ಟ್ವೈಲಾಗೆ ತಲೆ ನರೆತಿತ್ತು.

ಈಗ ಅಮ್ಮ ತೀರಿಕೊಂಡಿದ್ದಳು. ಅಂತ್ಯಸಂಸ್ಕಾರ ಗಡಿಯ ನದಿಯಾಚೆ, ಕೆಂಟಕಿ ರಾಜ್ಯದ ಲೂಯಿವಿಲ್ಲಿನ ಚರ್ಚಿನಲ್ಲಿ. ಅಲ್ಲಿ ಅಮ್ಮನ ಬಗ್ಗೆ ಟ್ವೈಲಾ ಓದಬೇಕೆಂದು ತಂಗಿ ರೋಂಡಾ ಒಂದು ಹಾಳೆ ಬರೆದುಕೊಟ್ಟಿದ್ದಳು. ಅದರ ಕೊನೆಯ ಸಾಲು: "ನಮ್ಮನ್ನು ಸ್ವಂತ ಮಕ್ಕಳಂತೆ ಸಾಕಿದ ಡ್ವೈಟ್ ಅವರಿಗೆ ನಾವು ಎಂದೆಂದಿಗೂ ಋಣಿ." ಆ ಸಾಲು ಓದೋದಿಲ್ಲ ಅನ್ನಲು ಟ್ವೈಲಾಗೆ ಧೈರ್ಯವಿಲ್ಲ, ಓದಿದರೆ ತನ್ನ ಮುಖ ತಾನೇ ನೋಡಿಕೊಳ್ಳುವಂತಿಲ್ಲ. ಪ್ರಾರ್ಥನೆಗೆ ಮೊದಲು ಪ್ರಿಸಿಲ್ಲಾ ಜೊತೆ ಮಾತಾಡುವುದೆಂದು ನಿಗದಿಯಾಗಿತ್ತು.

ಇಂಡಿಯಾನಾದ ಮನೆಯಿಂದಲೇ ಮಾತಾಡಿ ಹೊರಡುವ ಲೆಕ್ಕವಿತ್ತು. ಅಷ್ಟರಲ್ಲಿ ರೋಂಡಾ ಫೋನು ಮಾಡಿ, "ಬೇಗ ಬಾರೇ, ಹೂವು ಬಂದು ಬಿದ್ದಿದೆ, ಎತ್ತಿಡೋರೇ ಇಲ್ಲ" ಎಂದು ಕರೆಸಿಕೊಂಡಳು. ಹೂವೆಲ್ಲ ಎತ್ತಿಟ್ಟು ಟ್ವೈಲಾ ಚರ್ಚಿನ ಅಂಗಳದಲ್ಲಿ ನಿಂತಿದ್ದ ತನ್ನ ಕಾರಿನೊಳಗೆ ಕೂತು ಫೋನು ಹಚ್ಚಿದಳು.

"ಟ್ವೈಲಾ, ಈಗ ಎಲ್ಲಿದ್ದೀರಿ?"

ಕಿಟಕಿಯ ಪಕ್ಕ ಸಿಗರೇಟು ಸೇದುತ್ತಿದ್ದ ರೋಂಡಾಗೆ ಈ ಪ್ರಶ್ನೆಯ ಕಥೆ ಗೊತ್ತಿತ್ತು. ಬಗ್ಗಿ ಪಿಸುಗುಟ್ಟಿದಳು: "ಇಂಡಿಯಾನಾ ಅಂದ್ಬಿಡೇ. ಅವಳೇನು ಬಂದು ನೋಡ್ತಾಳಾ?"

ಅನ್ನಬಹುದಿತ್ತು. ಆದರೆ ಜಗತ್ತಿನಲ್ಲಿ ಈ ಒಂದು ಮುಖದ ಮುಂದೆ ಟ್ವೈಲಾ ಇದುವರೆಗೂ ಸುಳ್ಳಾಡಿರಲಿಲ್ಲ.

"ಚರ್ಚ್ ಹತ್ರ. ಕೆಂಟಕಿ."

ಪ್ರಿಸಿಲ್ಲಾ ಕಣ್ಣು ಮುಚ್ಚಿ ತೆರೆದಳು. "ನಿಮ್ಮ ಜೀವಕ್ಕೆ ಈಗ ಏನಾದ್ರೂ ಅಪಾಯ ಇದೆಯಾ?"

"ಇಲ್ಲ."

"ಹಾಗಿದ್ರೆ ನಾನು ಮುಂದುವರಿಸೋ ಹಾಗಿಲ್ಲ, ಟ್ವೈಲಾ. ನನ್ನ ಲೈಸೆನ್ಸ್ ಹೋಗುತ್ತೆ. ನೀವು ಸೇತುವೆ ದಾಟಿ ಈಚೆ ಬಂದ್ರೆ ನಾನಿಲ್ಲೇ ಕಾಯ್ತಿರ್ತೀನಿ."

"ಅಂದ್ರೆ ಸಾಯೋ ಹಾಗಿದ್ರೆ ಮಾತಾಡ್ಬಹುದು, ಬದುಕೋಕೆ ಅಂದ್ರೆ ಮಾತಾಡಂಗಿಲ್ಲ! ಯಾವ ಸೀಮೆ ಕಾನೂನ್ರೀ ಇದು?"

"ಕೆಟ್ಟ ಕಾನೂನು. ನಂಗೂ ಗೊತ್ತು. ಬನ್ನಿ."

ಟ್ವೈಲಾ ಕಾರು ತಿರುಗಿಸಿದ ರಭಸಕ್ಕೆ ರೋಂಡಾ ಹಿಂದೆ ಹಾರಿದಳು. "ಹುಚ್ಚು ಹಿಡೀತೇನೇ ನಿಂಗೆ? ಜನ ಬರ್ತಿದಾರೆ!" ಬರಲಿ. ಸೇತುವೆಯ ಮೇಲೆ ಟ್ವೈಲಾ ಒಬ್ಬಳೇ ಕೂಗಾಡುತ್ತ ಓಡಿಸಿದಳು. ಹಾಳಾದ ನದಿ, ಹಾಳಾದ ಸರ್ಕಾರ. ಬಸ್ಸಿನಲ್ಲಿ ಮಕ್ಕಳು ಎಷ್ಟೇ ಗಲಾಟೆ ಮಾಡಿದರೂ ದನಿ ಏರಿಸದವಳು ಅವಳು.

ಈಚೆ ದಡದ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ ಫೋನು ಹಚ್ಚಿದಳು. ಪ್ರಿಸಿಲ್ಲಾ ಕಾದಿದ್ದಳು. ಮತ್ತೆ ಅದನ್ನೇ ಕೇಳಿದಳು, ಕೇಳಲೇಬೇಕಲ್ಲ.

"ಇಂಡಿಯಾನಾ! ಪೆಟ್ರೋಲ್ ಬಂಕು! ಸಾಕಾ? ನಾನು ಯಾವ ದಡದಲ್ಲಿ ಕೂತಿದೀನಿ ಅನ್ನೋದು ಸರ್ಕಾರಕ್ಕೆ ಬೇಕು. ಆ ನೆಲಮಾಳಿಗೇಲಿ ಕೂತಿದ್ದಾಗ ಎಲ್ಲಿದೀಯಮ್ಮಾ ಅಂತ ಒಬ್ರು, ಒಬ್ರಾದ್ರೂ ಕೇಳಿದ್ರಾ?"

ಪ್ರಿಸಿಲ್ಲಾ ಸಮಾಧಾನ ಹೇಳಲು ಹೋಗಲಿಲ್ಲ. ಟ್ವೈಲಾ ಬೈದಷ್ಟೂ ಕೇಳಿಸಿಕೊಂಡಳು. ಕೊನೆಗೆ ಇಷ್ಟೇ ಕೇಳಿದಳು: "ಕೆಂಟಕಿ ಅಂತ ಯಾಕೆ ನಿಜ ಹೇಳಿದ್ರಿ? ನಂಗೇನೂ ಗೊತ್ತಾಗ್ತಿರಲಿಲ್ಲ."

ಟ್ವೈಲಾ ಪಕ್ಕದ ಸೀಟಿನಲ್ಲಿದ್ದ ಹಾಳೆಯ ಕಡೆ ನೋಡಿದಳು. "ಇಷ್ಟು ಸಣ್ಣ ಸುಳ್ಳು ಹೇಳೋಕಾಗದೆ ನದಿ ದಾಟಿ ಬಂದೆ," ಎಂದಳು ಮೆಲ್ಲಗೆ. "ಇದನ್ನ ಹೆಂಗ್ರೀ ಓದ್ಲಿ?"

ಮಾತಿಗಿದ್ದ ಹೊತ್ತು ಮುಗಿದಿತ್ತು. ಅವಳು ವಾಪಸ್ಸು ಬಂದಾಗ ಚರ್ಚಿನ ಬೆಂಚುಗಳೆಲ್ಲ ತುಂಬಿದ್ದವು. ಕೆಳಗಿನ ಅಡುಗೆಮನೆಯಿಂದ ಆಮೇಲಿನ ಊಟಕ್ಕೆ ಹಂದಿಮಾಂಸ ಬೇಯುವ ವಾಸನೆ ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಕರಿ ಕೋಟು ತೊಟ್ಟು ಕೂತ ಡ್ವೈಟ್‌ನ ಕೈಯನ್ನು ಊರವರೆಲ್ಲ ಹಿಡಿದು ಹಿಡಿದು ಹೋಗುತ್ತಿದ್ದರು.

ಟ್ವೈಲಾ ವೇದಿಕೆಯ ಮೇಲೆ ಹೋಗಿ ಓದಿದಳು. ಅಮ್ಮನ ಹುಟ್ಟೂರು, ಅಮ್ಮ ಮಾಡುತ್ತಿದ್ದ ಪೀಚ್ ಹಣ್ಣಿನ ಕಡುಬು, ಎಲ್ಲ ಓದಿದಳು. ಕೊನೆಯ ಸಾಲಿಗೆ ಬಂದು ಹಾಳೆ ಮಡಿಚಿದಳು.

"ಇನ್ನೊಂದು ಸಾಲಿದೆ. ನಾನು ಓದಲ್ಲ. ಅದು ಸುಳ್ಳು. ಡ್ವೈಟ್ ನನ್ನ ನೆಲಮಾಳಿಗೇಲಿ ಹಾಕಿ ಬೀಗ ಹಾಕ್ತಿದ್ದ. ನಾನು ಬಾಗಿಲು ಬಡೀತಿದ್ರೆ ಅಮ್ಮ ರೇಡಿಯೋ ಜೋರು ಮಾಡ್ತಿದ್ಲು. ಅಮ್ಮ ಅಂದ್ರೆ ನಂಗೆ ಪ್ರಾಣ. ಆದ್ರೂ ಜೋರು ಮಾಡ್ತಿದ್ಲು."

ರೋಂಡಾ ತಲೆ ತಗ್ಗಿಸಿದ್ದಳು, ಆದರೆ ಇಲ್ಲ ಅನ್ನಲಿಲ್ಲ. ಡ್ವೈಟ್ ಊರುಗೋಲು ಊರಿ ಎದ್ದು ನಿಂತ. ಮುಖ ಕೆಂಪಗಾಗಿತ್ತು, ದನಿ ಮಾತ್ರ ಅದೇ ಹಳೆಯ ದನಿ.

"ಏನೇ ಹುಡುಗಿ, ಎಲ್ಲಿದೀಯ ಅನ್ನೋ ಜ್ಞಾನ ಇದೆಯಾ ನಿಂಗೆ?"

"ಇದೆ," ಎಂದಳು ಟ್ವೈಲಾ. "ಕೆಂಟಕಿ. ಚರ್ಚಲ್ಲಿದೀನಿ. ನೆಲದ ಮೇಲಿದೀನಿ, ಕೆಳಗಲ್ಲ. ಬಾಗಿಲು ತೆಗೆದಿದೆ."