ಬೂದನ ಹೆಣ್ಣು

"ಹೆಣ್ಣು ಎಲ್ಲಿ ಭಾವ? ನಾನು ಕೇಳ್ತಿರೋದು ಅದೊಂದೇ. ಬೂದನ ಹೆಣ್ಣು ಎಲ್ಲಿ?"

"ಮೆತ್ತಗೆ ಮಾತಾಡು. ಪಕ್ಕದ ಮನೆಯವರು ನನ್ನನ್ನ ಏನಂದ್ಕೋತಾರೆ?"

"ಈ ತಾರಸಿ ಮೇಲೆ ಹೆಣ್ಣು ಅಂದ್ರೆ ಪಾರಿವಾಳ ಅಂತ ಇಡೀ ಬೀದಿಗೇ ಗೊತ್ತು. ನಿಮ್ಮ ಮುಖಕ್ಕೆ ಬೇರೆ ಹೆಣ್ಣು ಸಿಗಲ್ಲ ಅಂತಾನೂ ಗೊತ್ತು."

ಮೆಟ್ಟಿಲ ಬಾಗಿಲಲ್ಲಿ ಬಟ್ಟೆ ಬಕೆಟ್ ಹಿಡಿದು ನಿಂತಿದ್ದ ಅಕ್ಕ ಮೂಗಿನಲ್ಲೇ ನಕ್ಕಳು. ಅವಳ ಗಂಡ ನಗಲಿಲ್ಲ. ಬಣ್ಣದ ಅಂಗಡಿಯ ಮಾಲೀಕ, ನಾಲ್ಕು ಜನರ ಮುಂದೆ ಮಾತಾಡುವವನು. ಭಾಮೈದನ ಬಾಯಿಂದ ಇಂಥದ್ದು ಕೇಳಿಸಿಕೊಳ್ಳುವುದು ಅವನಿಗೆ ಹಿಡಿಸುವುದಿಲ್ಲ.

"ಔಷಧಿ ಅಂಗಡಿಯವರಿಗೆ ಕೊಟ್ಟೆ," ಅಂದ. "ಅವರ ಗಂಡಿಗೆ ಜೋಡಿ ಮಾಡಬೇಕಂತೆ. ಪಾರಿವಾಳ ಸಂಘದ ಕಾರ್ಯದರ್ಶಿ ಅವರು, ಬಾಯಿಬಿಟ್ಟು ಕೇಳಿದ್ರು. ಇಲ್ಲ ಅನ್ನೋಕಾಗುತ್ತಾ?"

"ಇವತ್ತು ಶುಕ್ರವಾರ. ಆರು ಗಂಟೆಗೆ ಬೂದ ಪಂದ್ಯದ ಬುಟ್ಟಿಗೆ ಹೋಗ್ಬೇಕು."

"ಬೇರೆ ಹೆಣ್ಣು ತೋರಿಸು. ಗೂಡಲ್ಲಿ ಹನ್ನೊಂದಿವೆ. ಅದಕ್ಕೇನು ಗೊತ್ತಾಗುತ್ತೆ?"

"ನಾಳೆ ನೀವು ಅಂಗಡಿಯಿಂದ ಬಂದಾಗ ಅಕ್ಕನ ಜಾಗದಲ್ಲಿ ಔಷಧಿ ಅಂಗಡಿಯವರ ಹೆಂಡ್ತಿ ಕೂತಿದ್ರೆ ನಿಮಗೆ ಗೊತ್ತಾಗಲ್ವಾ?"

"ತಟ್ಟೆಗೆ ಊಟ ಬಿದ್ರೆ ಗೊತ್ತಾಗಲ್ಲ," ಅಂದಳು ಅಕ್ಕ, ಬಟ್ಟೆ ಹಿಂಡುತ್ತಾ.

ಭಾಮೈದ ಹೊಲಿಗೆ ಮೆಷಿನ್ ರಿಪೇರಿ ಮಾಡುವವನು. ನಲವತ್ತೇಳು ವಯಸ್ಸು, ಮದುವೆಯಾಗಲಿಲ್ಲ, ಎರಡು ಬೀದಿ ಆಚೆ ಒಂದು ಕೋಣೆ. ಬೆಳಿಗ್ಗೆ ಐದೂವರೆಗೆ ಈ ತಾರಸಿಗೆ ಬರುತ್ತಾನೆ, ಗೂಡು ಕೆರೆಯುತ್ತಾನೆ, ನೀರು ಬದಲಾಯಿಸುತ್ತಾನೆ, ಕಾಳು ತೂಗುತ್ತಾನೆ. ಸಂಜೆ ಅಂಗಡಿ ಮುಚ್ಚಿ ಮತ್ತೆ ಬರುತ್ತಾನೆ. ಕೈಗೆ ಅಂಟಿದ ಮೆಷಿನ್ ಎಣ್ಣೆ ಹಕ್ಕಿಯ ಗರಿಗೆ ತಗುಲಬಾರದೆಂದು ಸೋಪು ಹಾಕಿ ಮೂರು ಸಲ ತೊಳೆಯುತ್ತಾನೆ. ಇಪ್ಪತ್ತು ವರ್ಷ. ಈಚೆಗೆ ಮೂರನೇ ಮಹಡಿಯ ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಲ್ಲುತ್ತಾನೆ. ಯಾರಾದರೂ ನೋಡಿದರೆ ಚಪ್ಪಲಿ ಸರಿಮಾಡಿಕೊಂಡಂತೆ ಮಾಡುತ್ತಾನೆ.

ಪಂದ್ಯದ ಗಂಡನ್ನು ವಾರವಿಡೀ ಹೆಣ್ಣಿನಿಂದ ಬೇರೆ ಇಡಬೇಕು. ಬುಟ್ಟಿಗೆ ಹಾಕುವ ಮುಂಚೆ ಹತ್ತು ನಿಮಿಷ, ಬರೀ ಹತ್ತು ನಿಮಿಷ, ಅದರ ಹೆಣ್ಣನ್ನು ಅದರ ಮನೆಯಲ್ಲೇ, ಗೂಡಿನ ಆ ಖಾನೆಯಲ್ಲೇ, ತೋರಿಸಬೇಕು. ಆಮೇಲೆ ಲಾರಿ ಐನೂರು ಕಿಲೋಮೀಟರ್ ದೂರ ಒಯ್ದು ಬಿಟ್ಟರೂ ಅದು ಆ ಮನೆಯ ಕಡೆಗೇ ಹಾರುತ್ತದೆ. ಬಂದಾಗ ಹೆಣ್ಣು ಅಲ್ಲಿರಲೇಬೇಕು. ಒಂದೇ ಒಂದು ಸಲ ಹಕ್ಕಿ ಖಾಲಿ ಮನೆಗೆ ಬಂದರೆ ಮುಗಿಯಿತು. ಮುಂದೆ ಬರುತ್ತದೆ, ಆದರೆ ದಾರಿಯಲ್ಲಿ ಕೂತು, ನೀರು ಕುಡಿದು, ಸಾವಕಾಶವಾಗಿ ಬರುತ್ತದೆ. ಇದನ್ನು ಅವನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ನಾಲ್ಕು ಒಳ್ಳೆಯ ಹಕ್ಕಿಗಳನ್ನು ಕೆಡಿಸಿಕೊಂಡು ಕಲಿತದ್ದು.

ಭಾವನ ವಿದ್ಯೆ ಬೇರೆ. ಅವನು ಸಂಘದ ಸಭೆಯಲ್ಲಿ "ಗೆಲ್ಲೋ ಮನಸ್ಸು" ಅಂತ ಭಾಷಣ ಮಾಡುತ್ತಾನೆ. ಹೋದ ವರ್ಷ ದೂರದ ಪಂದ್ಯದ ದಿನ ಗೆಲುವು ನೋಡಲೆಂದು ಆರು ಜನರನ್ನು ತಾರಸಿಗೆ ಕರೆದಿದ್ದ. ಅವರಲ್ಲೊಬ್ಬರು ಕೆಂಪು ಕೊಡೆ ಬಿಚ್ಚಿಕೊಂಡು ಕೂತಿದ್ದರು. ಬೂದ ಎಲ್ಲಕ್ಕಿಂತ ಮುಂಚೆ ಬಂತು, ಕೊಡೆ ನೋಡಿ ಬೆದರಿತು, ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಹನ್ನೊಂದು ನಿಮಿಷ ಕೂತಿತು. ಹಕ್ಕಿ ಗೂಡಿನೊಳಗೆ ಬಂದು, ಅದರ ಕಾಲಿನ ರಬ್ಬರ್ ಉಂಗುರ ಬಿಚ್ಚಿ ಹೊತ್ತು ದಾಖಲಿಸುವ ಪಂದ್ಯದ ಗಡಿಯಾರಕ್ಕೆ ಹಾಕುವ ತನಕ ಲೆಕ್ಕಕ್ಕಿಲ್ಲ. ಐದನೇ ಸ್ಥಾನ ಬಂತು. ಭಾವ ಮಾತ್ರ, "ಹಕ್ಕಿಗೆ ಛಲ ಸಾಲದು," ಅಂದುಬಿಟ್ಟ.

ಆವತ್ತೇ ರಿಪೇರಿಯವನು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಒಂದು ಮಾತು ಕೇಳಿದ್ದ. ಸಂಘದ ಪುಸ್ತಕದಲ್ಲಿ ಗೂಡು ಇಬ್ಬರ ಹೆಸರಲ್ಲಿ ಇರಲಿ. ಭಾವನ ಹೆಸರೇ ಮೊದಲು ಇರಲಿ, ಕೆಳಗೆ ತನ್ನದೊಂದು. ಭಾವ ಅವನ ಬೆನ್ನು ತಟ್ಟಿ, "ಮುಂದಿನ ವರ್ಷದ ಕಾಗದ ತುಂಬುವಾಗ ಹಾಕೋಣ, ಅದಕ್ಕೇನಂತೆ," ಅಂದಿದ್ದ. ಆ ಒಂದು ಮಾತಿನ ಮೇಲೆ ಅವನು ಈ ವರ್ಷವೆಲ್ಲ ಮೆಟ್ಟಿಲು ಹತ್ತಿದ.

ಈಗ ಆ ಮೆಟ್ಟಿಲನ್ನೇ ಬೈದುಕೊಂಡು ಇಳಿದು, ಸೈಕಲ್ಲಿನ ಹಿಂದೆ ಖಾಲಿ ಪೆಟ್ಟಿಗೆ ಕಟ್ಟಿ ಔಷಧಿ ಅಂಗಡಿಗೆ ಹೋದ.

ಕಾರ್ಯದರ್ಶಿ ಕೆಟ್ಟವರಲ್ಲ. ವಿಷಯ ಕೇಳಿ, "ಅಯ್ಯೋ, ನನಗೆ ಗೊತ್ತೇ ಇರಲಿಲ್ಲ ಮಾರಾಯ, ತಗೊಂಡು ಹೋಗು," ಅಂದು ಹಿತ್ತಲಿನ ಗೂಡಿನಿಂದ ಹೆಣ್ಣನ್ನು ತಂದುಕೊಟ್ಟರು. ಅವನು ಅದರ ರೆಕ್ಕೆ ಬಿಡಿಸಿ ನೋಡಿದ, ಎದೆ ಮುಟ್ಟಿ ನೋಡಿದ. ಸರಿಯಾಗಿತ್ತು.

"ಹೊಸ ವರ್ಷದ ಕಾಗದ ಬಂತಾ ಸರ್, ನಮ್ಮದು?" ಸುಮ್ಮನೆ ಕೇಳುವ ಹಾಗೆ ಕೇಳಿದ.

"ಹೋದ ವಾರವೇ ಕೊಟ್ರಲ್ಲ ನಿಮ್ಮ ಭಾವ." ಮೇಜಿನ ಖಾನೆಯಿಂದ ತೆಗೆದು ತೋರಿಸಿದರು.

ಮಾಲೀಕರು ಅನ್ನುವ ಕಡೆ ಒಂದೇ ಹೆಸರು. ಅವನ ಹೆಸರೂ ಇತ್ತು, ಇಲ್ಲವೆಂದಲ್ಲ. ಕೆಳಗೆ, ಕೆಲಸದವರು ಅನ್ನುವ ಸಾಲಿನಲ್ಲಿ. ಅವನು ಬಿಟ್ಟುಹೋದ ಎರಡನೇ ದಿನ ಯಾರನ್ನಾದರೂ ಬರೆದುಕೊಳ್ಳಬಹುದಾದ ಸಾಲು.

ಔಷಧಿ ಅಂಗಡಿಯವರಿಗೆ ಅವನ ಮುಖ ಕಂಡು ಹೇಗೋ ಆಗಿರಬೇಕು. "ತಿದ್ದೋದಿದ್ರೆ ಭಾನುವಾರ ಸಂಜೆ ತನಕ ಟೈಮ್ ಇದೆ," ಅಂದರು. "ಹೊಸ ಕಾಗದ ಕೊಡ್ತೀನಿ. ಅವರದೊಂದು ಸಹಿ ಸಾಕು."

ರಿಪೇರಿಯವನು ಹೊಸ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿದ. ಸೈಕಲ್ ತುಳಿಯಲಿಲ್ಲ, ತಳ್ಳಿಕೊಂಡು ಹೋದ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೈ ಒಬ್ಬನದು ಬಾಯಿ ಇನ್ನೊಬ್ಬನದು ಆದರೆ ಏನು ಅಂತ ಯಾರೂ ಹೇಳಿಲ್ಲ. ಹಿಂದೆ ಪೆಟ್ಟಿಗೆಯಲ್ಲಿ ಹೆಣ್ಣು ಗುಟುರು ಹಾಕುತ್ತಿತ್ತು. ತಡವಾಗಿ ಹೋದರೆ ಆಯಿತು, ಬುಟ್ಟಿ ತುಂಬಿ ಲಾರಿ ಹೋಗಿರುತ್ತದೆ, ಭಾವನ ಮೂತಿ ನೋಡಬಹುದು ಅಂತ ಒಮ್ಮೆ ಅನ್ನಿಸಿತು. ಸಿಟ್ಟಿನವನಿಗೆ ಅನ್ನಿಸದೆ ಇರುತ್ತದೆಯೇ? ಆದರೆ ಬೂದ ಅವನಿಗೇನು ಮಾಡಿತ್ತು? ವಾರವಿಡೀ ಒಂಟಿಯಾಗಿ ಕೂತು ಕಾದಿತ್ತು, ಪಾಪದ್ದು. ಬೀದಿಯ ತಿರುವಿನಲ್ಲಿ ಸೈಕಲ್ ಹತ್ತಿದ.

ಐದೂಕಾಲಿಗೆ ಹೆಣ್ಣನ್ನು ಅದರ ಮನೆಯಲ್ಲಿ ಬಿಟ್ಟು ನಡುವಿನ ಬಾಗಿಲು ತೆಗೆದ. ಬೂದ ಕತ್ತು ಉಬ್ಬಿಸಿಕೊಂಡು ಸುತ್ತು ಹೊಡೆಯಿತು. ಅವನು ಗೋಡೆಗೆ ಒರಗಿ ಕೂತು ಹತ್ತು ನಿಮಿಷ ಎಣಿಸಿದ, ಆಮೇಲೆ ಬೂದನನ್ನು ಹಿಡಿದು ಬುಟ್ಟಿಗೆ ಹಾಕಿದ.

"ಸಿಕ್ತಲ್ಲ, ಸರಿ ಹೋಯ್ತಲ್ಲ?" ಅಂದ ಭಾವ. "ಸುಮ್ಮನೆ ರಾದ್ಧಾಂತ ಮಾಡ್ದೆ."

ರಿಪೇರಿಯವನು ಜೇಬಿನ ಕಾಗದ ತೆಗೆಯಲಿಲ್ಲ. ಎರಡು ದಿನ ಕಾಯೋಣ, ಮನುಷ್ಯನಿಗೂ ಒಂದು ಅವಕಾಶ ಕೊಡಬೇಕು ಅಂದುಕೊಂಡ.

ಭಾನುವಾರ ಬೆಳಿಗ್ಗೆ ಆರಕ್ಕೆ ಹಕ್ಕಿ ಬಿಟ್ಟರೆಂದು ಫೋನ್ ಬಂತು. ಎದುರುಗಾಳಿ ಇತ್ತು. ಈ ಸಲ ತಾರಸಿಗೆ ಯಾರೂ ಬರಬಾರದೆಂದು ಅಕ್ಕ ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿ ತಾನೇ ಅಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದಳು. ಹನ್ನೆರಡಾಯಿತು, ಒಂದಾಯಿತು. ಅವನ ಕಣ್ಣಲ್ಲಿ ನೀರು ಬಂತು, ಆಕಾಶ ನೋಡಿ ನೋಡಿ.

"ಊಟ ಮಾಡೋ," ಅಂದಳು ಅಕ್ಕ.

"ಬರಲಿ ತಡಿ."

"ಅದು ಬಂದ್ರೆ ಅದಕ್ಕೆ ಹೆಂಡ್ತಿ ಇದಾಳೆ. ನಿನಗೇನಿದೆ, ಬಾ."

ಒಂದೂ ಇಪ್ಪತ್ತಕ್ಕೆ ನೀರಿನ ಟ್ಯಾಂಕಿನ ಆಚೆ ಒಂದು ಚುಕ್ಕೆ ಕಂಡಿತು. ಸುತ್ತು ಹಾಕಲಿಲ್ಲ, ಕಲ್ಲು ಬಿದ್ದ ಹಾಗೆ ನೇರ ಬಂತು. ಅವನು ಹಕ್ಕಿಗಳನ್ನು ಕರೆಯುವ ಕಾಳಿನ ಡಬ್ಬಿ ಎರಡು ಸಲ ಅಲ್ಲಾಡಿಸಿ, ನಿಲ್ಲಿಸಿ, ಮತ್ತೊಂದು ಸಲ ಅಲ್ಲಾಡಿಸಿದ. ಬೂದ ನೇರ ತನ್ನ ಮನೆಯೊಳಗೆ, ಹೆಣ್ಣಿನ ಪಕ್ಕಕ್ಕೆ ಹೋಗಿ ನಿಂತಿತು, ರೆಕ್ಕೆ ಜೋತುಬಿದ್ದಿತ್ತು. ಅವನು ಉಂಗುರ ಬಿಚ್ಚಿ ಗಡಿಯಾರಕ್ಕೆ ಹಾಕಿದ.

ನಾಲ್ಕು ಗಂಟೆಗೆ ಸಂಘದಿಂದ ಸುದ್ದಿ ಬಂತು. ಮೊದಲ ಸ್ಥಾನ. ಎರಡನೆಯದಕ್ಕೂ ಅದಕ್ಕೂ ಒಂಬತ್ತು ನಿಮಿಷದ ಅಂತರ.

ಐದಕ್ಕೆ ಅವನು ಮರಿಗಳ ಗುಂಪನ್ನು ಹಾರಾಡಲು ಬಿಟ್ಟು ಕೆಳಗಿಳಿದ. ಭಾವ ಹಜಾರದ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಗೆಲುವು ತಲೆಯಲ್ಲಿರಬೇಕು ಕಣ್ರೀ, ತಲೆಯಲ್ಲಿ. ಯಾವ ಹಕ್ಕಿ, ಯಾವ ಪಂದ್ಯ, ಯಾವಾಗ ವಿಶ್ರಾಂತಿ, ಎಲ್ಲ ಲೆಕ್ಕಾಚಾರ. ಉಳಿದಿದ್ದು ಬರೀ ಕೈಕೆಲಸ."

ಫೋನು ಇಟ್ಟ ಮೇಲೆ ರಿಪೇರಿಯವನು ಕಾಗದ ಬಿಡಿಸಿ ಟೀಪಾಯಿಯ ಮೇಲಿಟ್ಟ. ಮೇಲೆ ಪೆನ್ನು ಇಟ್ಟ.

"ಏನಿದು?"

"ಸಂಘದ್ದು. ಇವತ್ತೇ ಕೊನೆ. ಒಂದು ಸಹಿ ಹಾಕಿ."

ಭಾವ ಓದಿದ. ಓದುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. "ಮನೆಯವನಿಗೆ ಕಾಗದ ಯಾಕೋ? ನಾನೇನು ನಿನ್ನನ್ನ ಹೊರಗಿನವನು ಅಂದ್ನಾ?"

"ಅನ್ನಲಿಲ್ಲ, ಬರೆದ್ರಿ. ಕೆಲಸದವರು ಅಂತ."

"ಒಂದು ಗೂಡಿಗೆ ಎರಡು ಹೆಸರು ಚೆನ್ನಾಗಿರಲ್ಲ. ಜನ ಗೊಂದಲ ಮಾಡ್ಕೋತಾರೆ. ಗೆದ್ದೋರು ಯಾರು ಅಂತ ಒಬ್ಬನ ಹೆಸರಿರ್ಬೇಕು."

"ಹೋದ ವರ್ಷ ಹಾಕೋಣ ಅಂದ್ರಿ."

"ಏನೋ ಅವತ್ತು ನೀನು ಬೇಜಾರಲ್ಲಿದ್ದೆ ಅಂತ ಅಂದೆ. ಅದನ್ನೇ ಹಿಡ್ಕೊಂಡು ಕೂತಿದ್ದೀಯಾ?" ಭಾವನ ಸ್ವರ ಏರಿತು. "ನೋಡು, ಹಕ್ಕಿ ಸಾಕೋರು ಬೀದಿಗೆ ಹತ್ತು ಜನ ಸಿಗ್ತಾರೆ. ಗೆಲ್ಲಿಸೋ ತಲೆ ಸಿಗಲ್ಲ."

ಒಳಬಾಗಿಲಲ್ಲಿ ನಿಂತಿದ್ದ ಅಕ್ಕ, "ರೀ," ಅಂದಳು, ಅಷ್ಟೇ.

ಸಿಟ್ಟು ಬರುತ್ತದೆ ಅಂತ ರಿಪೇರಿಯವನು ಕಾದ. ಮುಂಗೋಪಿ ಅಂತಲೇ ಹೆಸರಾದವನು, ಶುಕ್ರವಾರ ಒಂದು ಹಕ್ಕಿಗೋಸ್ಕರ ಬೀದಿ ಕೇಳುವ ಹಾಗೆ ಕೂಗಾಡಿದವನು. ಬರಲಿಲ್ಲ. ಮೊಣಕಾಲು ನೋಯುತ್ತಿತ್ತು, ಕೂರಬೇಕು ಅನ್ನಿಸುತ್ತಿತ್ತು, ಈ ಮನೆಯಲ್ಲಿ ಮಾತ್ರ ಬೇಡ ಅನ್ನಿಸುತ್ತಿತ್ತು. ಪೆನ್ನು ತೆಗೆದುಕೊಂಡು ಜೇಬಿಗೆ ಸಿಕ್ಕಿಸಿದ, ಅದು ಅವನದು. ಗೂಡಿನ ಬೀಗದ ಕೈಯನ್ನು ಕಾಗದದ ಮೇಲಿಟ್ಟ.

"ಹತ್ತು ಜನರಲ್ಲಿ ಒಬ್ಬರನ್ನ ಕರೀರಿ," ಅಂದ.

"ಆಹಾ, ದೊಡ್ಡ ಮನುಷ್ಯ. ಬೆಳಿಗ್ಗೆ ಐದೂವರೆಗೆ ಬರ್ತೀಯ, ನೋಡ್ತಿರು."

ಅಕ್ಕ ಬಾಗಿಲ ತನಕ ಬಂದಳು. "ಊಟಾನೂ ಮಾಡಿಲ್ಲ ನೀನು."

"ಅಕ್ಕ, ಕತ್ತಲಾಗೋ ತನಕ ಬೂದನ ಹೆಣ್ಣನ್ನ ತೆಗೀಬೇಡ. ಆಮೇಲೂ ಅವಸರ ಮಾಡ್ಬೇಡ. ಇವತ್ತು ಅದಕ್ಕೆ ಕಾಳು ಕಮ್ಮಿ, ನೀರು ಜಾಸ್ತಿ."

"ನಾಳೆ?"

"ನಾಳೆದು ತಲೆ ಇರೋರನ್ನ ಕೇಳು."

ಅವಳು ಅವನ ತೋಳು ಹಿಡಿದಳು. ಅವನು ಅವಳ ಕೈ ಮೇಲೆ ಕೈ ಇಟ್ಟು, ನಿಧಾನವಾಗಿ ಬಿಡಿಸಿಕೊಂಡು ಇಳಿದ.

ಸೈಕಲ್ ಬೀದಿಯ ತಿರುವು ತಲುಪಿದಾಗ ಮೇಲೆ ತಾರಸಿಯಲ್ಲಿ ಡಬ್ಬಿಯ ಸದ್ದು ಕೇಳಿಸಿತು. ಭಾವ ಮರಿಗಳನ್ನು ಕೆಳಗಿಳಿಸಲು ಅಲ್ಲಾಡಿಸುತ್ತಿದ್ದ, ಒಂದೇ ಸಮನೆ, ನಿಲ್ಲಿಸದೆ. ಮರಿಗಳು ತಾರಸಿಯ ಮೇಲೆ ಬಂದವು, ಇಳಿಯದೆ ಇನ್ನೊಂದು ಸುತ್ತು ಹೋದವು. ಎರಡು ಸಲ ಅಲ್ಲಾಡಿಸಿ ನಿಲ್ಲಿಸಬೇಕು ಅಂತ ಕೂಗಿ ಹೇಳಲು ಅವನ ಬಾಯಿ ತೆರೆಯಿತು. ಮುಚ್ಚಿಕೊಂಡು ಸೈಕಲ್ ತುಳಿದ. ಆ ಮೆಟ್ಟಿಲನ್ನು ಅವನು ಮತ್ತೆ ಹತ್ತಲಿಲ್ಲ.