ಅಳಿಯನ ಹೆಸರಿನಲ್ಲಿ

"ತೆಗಿ ಅಂವನ ಹೆಸ್ರ್! ಈಗ್ಳೇ ತೆಗಿ!"

ಐಸ್ ಪೆಟ್ಟಿಗೆಯನ್ನು ಜಗಲಿಯಲ್ಲಿ ಕುಕ್ಕಿ ಚಂದ್ರ ಒಳಗೆ ನುಗ್ಗಿದ. ಪೆಟ್ಟಿಗೆಯಲ್ಲಿದ್ದದ್ದು ಕಲ್ಲಿನ ಬಳಿ ಸಿಗುವ ಮುರು ಮೀನು, ಅದೂ ಎರಡೇ. ಮರವಂತೆಯಿಂದ ದೋಣಿಯಲ್ಲಿ ಎರಡು ಗಂಟೆ ದೂರ, ಸಮುದ್ರದಡಿಯಲ್ಲಿ ಮೀನು ಸೇರುವ ಆ ಕಲ್ಲನ್ನು ಹುಡುಕಿದ್ದು ಅವನಪ್ಪ. ಅಲ್ಲಿ ಗಾಳ ಬಿಟ್ಟವನು ಬರಿಗೈಯಲ್ಲಿ ಬಂದದ್ದಿಲ್ಲ. ಇಪ್ಪತ್ತು ವರ್ಷ ಯಾರಿಗೂ ಬಾಯಿ ಬಿಡದೆ ಕಾದ ಜಾಗದಲ್ಲಿ ಇವತ್ತು ಬೆಳಿಗ್ಗೆ ಪಕ್ಕದೂರು ನಾವುಂದದ ನಾಲ್ಕು ದೋಣಿಗಳು ನಿಂತಿದ್ದವು. ಮೊದಲನೆಯದರಲ್ಲಿ ಅಳಿಯ ರತನ್. ಕೈ ಬೇರೆ ಬೀಸಿದ, ನಾಚಿಕೆಗೆಟ್ಟವ.

ಕಿರಿಮಗಳು ಧನ್ಯಶ್ರೀ ಲ್ಯಾಪ್‌ಟಾಪ್ ತೆರೆದಳು. ಟಿ.ವಿ.ಯ ಕೆಳಗಿನ ಪುಟ್ಟ ಸರ್ವರ್ ಜೋಡಿಸಿದವಳು ಅವಳೇ. ಮನೆಯ ಫೋಟೋಗಳು, ತೀರಿಕೊಂಡ ಅಮ್ಮನ ವಿಡಿಯೋಗಳು, ದೋಣಿಯ ಜಿಪಿಎಸ್‌ಗೆ ಉಪ್ಪುನೀರು ಹೊಕ್ಕು ಕೆಟ್ಟ ಮೇಲೆ ಇಲ್ಲಿಗೆ ಸೇರಿಸಿಟ್ಟ, ಅಪ್ಪನ ಕಲ್ಲುಗಳ ಜಾಗ ತೋರಿಸುವ ಪಾಯಿಂಟುಗಳು, ಎಲ್ಲವೂ ಅದರಲ್ಲಿದ್ದವು. ಯಾರು ಯಾವ ಫೋಲ್ಡರ್ ತೆರೆಯಬಹುದೆಂಬ ಪಟ್ಟಿಯನ್ನು ನೋಡಿಕೊಳ್ಳುವವಳೂ ಅವಳೇ.

"ಬಾವ ಕದ್ದದ್ದಲ್ಲ ಅಪ್ಪಯ್ಯ. ನೀವೇ ಕೊಟ್ಟದ್ದ್."

"ನಾನಾ? ನಂಗೆ ಮರ್ಲ್ ಹಿಡ್ದಿತ್ತಾ?"

"ಅಕ್ಕನ ಮದಿ ಆದ್ಮೇಲೆ ಫೋಟೋ ಮಾತ್ರ ಕೊಡ್ಲಾ ಕೇಂಡಿದ್ದೆ. ಬೀಗರ ಎದ್ರ್ ನೀವ್ ಎಂತ ಹೇಳಿದ್ರಿ? ಅಳಿಯಂಗೆ ಮುಚ್ಚಿಡುದ್ ಎಂತ ಇತ್ತ್, ಇಡೀ ಮನೆ ಫೋಲ್ಡರೇ ಕೊಡ್ ಅಂದ್ರಿ. ಪಾಯಿಂಟೂ ಅದ್ರೊಳ್ಗೇ ಇತ್ತ್."

ಹೇಳಿದ್ದು ಹೌದು. ಬೀಗರೆದುರು ದೊಡ್ಡಸ್ತಿಕೆ ತೋರಿಸುವ ಚಪಲ. ಚಂದ್ರನಿಗೆ ತನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕೆನಿಸಿತು. ಆದರೆ ಸಿಟ್ಟು ಹೋಗಿ ಬಿದ್ದದ್ದು ಮತ್ತೆ ಅಳಿಯನ ಮೇಲೆಯೇ.

"ಪಾಯಿಂಟ್ ಒಂದನ್ನೇ ಮುಚ್ತೆ," ಎಂದಳು ಧನ್ಯಶ್ರೀ.

"ಒಂದಲ್ಲ, ಎಲ್ಲ! ನಮ್ಮನಿದ್ ಎಂತದೂ ಅಂವ ಕಾಂಬುಕಾಗ!"

"ಬಾವನ್ ತೆಗ್ದ್ರೆ ಅಕ್ಕಂಗೂ..."

ಅವಳು ಮಾತು ಮುಗಿಸುವ ಮೊದಲೇ ಚಂದ್ರ ಲ್ಯಾಪ್‌ಟಾಪ್ ಎಳೆದುಕೊಂಡು, ಮೀನಿನ ಲೋಳೆ ಹತ್ತಿದ ಬೆರಳಿನಿಂದಲೇ ರತನ್ ಎಂಬ ಹೆಸರನ್ನು ಅಳಿಸಿಬಿಟ್ಟ. ಎದೆ ತುಸು ಹಗುರಾಯಿತು.

ಎರಡು ನಿಮಿಷವಾಗಿಲ್ಲ, ಫೋನು ಬಂತು. ಶ್ರೀಲತಾ, ಹಿರಿಮಗಳು.

"ಅಪ್ಪಯ್ಯ, ಅಮ್ಮನ ವಿಡಿಯೋ ಕಾಂತಾ ಇದ್ದಿದ್ದೆ, ಅರ್ದಕ್ಕೇ ನಿಂತ್ ಹೋಯ್ತ್."

"ನಿನ್ ಹೆಸ್ರಲ್ಲೇ ಕಾಣ್ ಮಗಾ."

"ನನ್ ಹೆಸ್ರ್ ಎಲ್ಲಿತ್ತ್? ಮದಿ ಆಯ್ತಲೆ, ಇನ್ ಗಂಡನ ಹೆಸ್ರೇ ಸಾಕ್ ಅಂದದ್ದ್ ನೀವೇ ಅಲ್ದಾ?"

ಚಂದ್ರ ಪಟ್ಟಿ ನೋಡಿದ. ತನ್ನ ಹೆಸರಿತ್ತು. ಧನ್ಯಶ್ರೀಯದಿತ್ತು. ಸತ್ತು ಎರಡು ವರ್ಷವಾದ ಹೆಂಡತಿ ಜಲಜಳ ಹೆಸರೂ ಇತ್ತು. ಕೊನೆಯಲ್ಲಿ ಚಾವಡಿಯ ಟಿ.ವಿ.ಯ ಹೆಸರು. ಅಷ್ಟೇ. ಧನ್ಯಶ್ರೀ ಹಲ್ಲು ಕಚ್ಚಿಕೊಂಡು ಅವನನ್ನೇ ದಿಟ್ಟಿಸುತ್ತಿದ್ದಳು.

"ಅಪ್ಪಯ್ಯ? ಅಲ್ಲಿ ಕರೆಂಟ್ ಹೋಯ್ತಾ?"

"ಹೌದ್ ಮಗಾ," ಎಂದ ಚಂದ್ರ. "ಕರೆಂಟ್ ಹೋಯ್ತ್."

ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು.